ಗೋಡೆ ಕಡೆ ತಿರುಗಿದ ಬಾಟಲಿ

ನಮ್ಮ ಅಡುಗೆಮನೆ ಕಟ್ಟೆಯ ಮೂಲೆಯಲ್ಲಿ ರೇಡಿಯೋ ಇದೆ. ಅದರ ಪಕ್ಕ ಒಂದು ಹಸಿರು ಬಾಟಲಿ, ಬಾಟಲಿಯಲ್ಲಿ ಮನಿಪ್ಲಾಂಟ್. ಬಾಟಲಿ ಜೇಮ್ಸನ್ ವಿಸ್ಕಿಯದು. ಖಾಲಿ ಮಾಡಿದ್ದು ಯಾರು ಅನ್ನೋ ಮಾತು ಇಲ್ಲಿ ಬೇಡ. ನೆಂಟರು ಬಂದಾಗಲೆಲ್ಲ ಅಮ್ಮ ಅದರ ಲೇಬಲ್ಲನ್ನು ಗೋಡೆ ಕಡೆ ತಿರುಗಿಸಿಬಿಡುತ್ತಾರೆ.

ನೀರು ಬದಲಿಸುವಾಗ ನಾನು ಆ ಲೇಬಲ್ ಓದುತ್ತೇನೆ. ಜಾನ್ ಜೇಮ್ಸನ್, 1780. ಐರಿಷ್ ವಿಸ್ಕಿ ಅಂದ್ರೆ ಮೊದಲು ನೆನಪಾಗುವ ಹೆಸರು. ತಮಾಷೆ ಏನಂದ್ರೆ ಆಸಾಮಿ ಐರ್ಲೆಂಡಿನವನೇ ಅಲ್ಲ. 1740ರಲ್ಲಿ ಸ್ಕಾಟ್ಲೆಂಡಿನ ಅಲೋವಾದಲ್ಲಿ ಹುಟ್ಟಿದವನು, ಕೋರ್ಟಿನ ಗುಮಾಸ್ತ. ಭಟ್ಟಿಯ ನಂಟು ಬಂದದ್ದು ಮದುವೆಯಿಂದ. 1768ರಲ್ಲಿ ಕೈಹಿಡಿದ ಮಾರ್ಗರೆಟ್‌ಳ ತವರು ಹೇಗ್ ಮನೆತನ, ಅವಳ ತಾಯಿಯ ತವರು ಸ್ಟೈನ್ ಮನೆತನ. ಎರಡೂ ಕಡೆ ಭಟ್ಟಿ ಇಳಿಸುವವರೇ. ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನ ಬೋ ಸ್ಟ್ರೀಟ್ ಭಟ್ಟಿಯೂ ಸ್ಟೈನ್‌ರದ್ದೇ. ಮುಂದೆ ಮಗನೂ ಸ್ಟೈನ್ ಮನೆಯ ಇಸಬೆಲ್ಲಾಳನ್ನೇ ತಂದುಕೊಂಡ. ನಮ್ಮಲ್ಲಿ ಸೋದರಿಕೆ ಬಿಡಬಾರದು ಅಂತಾರಲ್ಲ, ಹಾಗೆ. 1810ಕ್ಕೆ ಭಟ್ಟಿಯ ಹೆಸರು ‘ಜಾನ್ ಜೇಮ್ಸನ್ ಅಂಡ್ ಸನ್’ ಆಗಿತ್ತು.

ಅಳಿಯನನ್ನು ಕೊಟ್ಟ ಸ್ಕಾಟ್ಲೆಂಡಿಗೆ ಐರ್ಲೆಂಡೂ ಒಬ್ಬನನ್ನು ಕೊಟ್ಟಿತು, ಬೇಡವೆಂದು. ಈನಿಯಸ್ ಕಾಫಿ. ಹೆಸರು ಕಾಫಿ, ಕೆಲಸ ಅಬಕಾರಿ! ಡೊನೆಗಲ್‌ನಲ್ಲಿ ಕಳ್ಳಭಟ್ಟಿ ಹಿಡಿಯಲು ಹೋಗಿ ಸಾಯುವಷ್ಟು ಏಟು ತಿಂದವನು. ಕೆಲಸ ಬಿಟ್ಟ ಮೇಲೆ ತಾನೇ ಒಂದು ಹೊಸ ಬಗೆಯ ಭಟ್ಟಿಯಂತ್ರ ಮಾಡಿ 1830ರಲ್ಲಿ ಪೇಟೆಂಟ್ ಪಡೆದ. ಡಬ್ಲಿನ್ನಿನವರದು ತಾಮ್ರದ ಹಂಡೆ. ತುಂಬಬೇಕು, ಇಳಿಸಬೇಕು, ಖಾಲಿ ಮಾಡಿ ಮತ್ತೆ ತುಂಬಬೇಕು, ಹೀಗೆ 3 ಸಲ. ಕಾಫಿಯದು ಎತ್ತರದ ಕಂಬ. ಮೇಲಿಂದ ಹುಳಿಬಂದ ಧಾನ್ಯದ ರಸ, ಕೆಳಗಿಂದ ಹಬೆ. ನಿಲ್ಲದೆ ಇಳಿಯುತ್ತಲೇ ಇರುತ್ತದೆ. ರುಚಿಯಿಲ್ಲ ಎಂದು ಡಬ್ಲಿನ್ ಮೂಗು ಮುರಿಯಿತು. ಸ್ಕಾಟ್ಲೆಂಡಿನವರು ಎರಡೂ ಕೈಯಲ್ಲಿ ಬಾಚಿಕೊಂಡರು. 1870ರ ದಶಕದ ಕೊನೆಯಲ್ಲಿ ಜೇಮ್ಸನ್ ಸೇರಿ ಡಬ್ಲಿನ್ನಿನ ದೊಡ್ಡ ಭಟ್ಟಿಯವರು ಕಂಬದಲ್ಲಿ ಇಳಿಸಿದ್ದು ವಿಸ್ಕಿಯೇ ಅಲ್ಲ ಎಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು. ಕೇಳಿದವರ್ಯಾರು? ಬೋ ಸ್ಟ್ರೀಟ್ ಒಲೆ 1971ರಲ್ಲಿ ಆರಿತು. ಈಗ ಕಾರ್ಕ್ ಹತ್ತಿರದ ಮಿಡಲ್‌ಟನ್‌ನಲ್ಲಿ ತಯಾರಾಗುವ ಜೇಮ್ಸನ್‌ನಲ್ಲಿ ಹಂಡೆಯದ್ದರ ಜೊತೆ ಕಂಬದಲ್ಲಿ ಇಳಿಸಿದ್ದೂ ಬೆರೆತಿರುತ್ತದೆ.

ಈ ವಂಶದಲ್ಲಿ ನನಗೆ ಜಾಸ್ತಿ ಇಷ್ಟವಾದವಳು ಆನಿ ಜೇಮ್ಸನ್. ಹಾಡು ಕಲಿಯಲು ಇಟಲಿಗೆ ಹೋದವಳು ಅಲ್ಲಿನ ಜ್ಯೂಸೆಪ್ಪೆ ಮಾರ್ಕೋನಿಯನ್ನು ಮೆಚ್ಚಿಕೊಂಡಳು. ಮನೆಯವರು ಒಪ್ಪಲಿಲ್ಲ. 1864ರಲ್ಲಿ ಅವನನ್ನೇ ಮದುವೆಯಾದಳು. ಅವರ ಮಗನೇ ಗುಲ್ಯೆಲ್ಮೊ ಮಾರ್ಕೋನಿ, ರೇಡಿಯೋ ಮಾರ್ಕೋನಿ. 1897ರಲ್ಲಿ ಅವನಿಗೆ ಕಂಪನಿ ಕಟ್ಟಿಕೊಟ್ಟದ್ದೂ ತಾಯಿ ಕಡೆಯ ನೆಂಟ.

“ನೋಡಮ್ಮ, ನಿನ್ನ ರೇಡಿಯೋ ಈ ಬಾಟಲಿಗೆ ನೆಂಟ” ಅಂದೆ.

“ಆಗ್ಲಿ ಬಿಡು. ಸಂಜೆ ಬೀಗರು ಬರ್ತಾರೆ, ಅದನ್ನ ಆ ಕಡೆ ತಿರುಗಿಸು.”

ತಿರುಗಿಸಿದೆ. ಜೇಮ್ಸನ್ ಮನೆತನದ ಲಾಂಛನದಲ್ಲಿ ಎರಡು ಲ್ಯಾಟಿನ್ ಪದಗಳಿವೆ: ‘ಸಿನೆ ಮೆಟು’. ಅಂದ್ರೆ, ಭಯವಿಲ್ಲದೆ. ಅವೂ ಗೋಡೆ ಕಡೆ ಹೋದವು.