ಹನ್ನೊಂದಿಂಚಿನ ಅಡಿಯ ಹಡಗು

ಆಮ್‌ಸ್ಟರ್‌ಡ್ಯಾಮಿನ ಹಳೆಯ ಅಡಿಗೆ ಹನ್ನೊಂದೇ ಇಂಚು. ಹಡಗಿನ ಮಾದರಿ ಕಟ್ಟುವವರಿಗೆ ಈ ಸಂಗತಿ ಗೊತ್ತಾಗುವುದು ಸಾಮಾನ್ಯವಾಗಿ ಹಲಗೆ ಕೊಯ್ದಾದ ಮೇಲೆ. ಆದ್ದರಿಂದ ಮೊದಲೇ ಹೇಳಿಬಿಡುವುದು ಕ್ಷೇಮ. ಆ ಅಡಿಯ ಉದ್ದ 28.3 ಸೆಂ.ಮೀ.; 11 ಪಾಲು ಮಾಡಿದರೆ ಒಂದು ಇಂಚಿಗೆ 2.57 ಸೆಂ.ಮೀ. ಅದೇ ನಾಡಿನ ರೈನ್‌ಲ್ಯಾಂಡ್ ಅಡಿಗೆ 31.4 ಸೆಂ.ಮೀ., 12 ಇಂಚು. ಡಚ್ಚರು ವ್ಯಾಪಾರದಲ್ಲಿ ಅಷ್ಟು ಮುಂದೆ ಬಂದದ್ದು ಹೇಗೆಂದು ಯಾರಿಗಾದರೂ ಅನುಮಾನವಿದ್ದರೆ, ಕೊಳ್ಳುವಾಗ ಒಂದು ಅಡಿ, ಮಾರುವಾಗ ಇನ್ನೊಂದು ಅಡಿ ಇಟ್ಟುಕೊಂಡ ಲಾಭವನ್ನು ಲೆಕ್ಕ ಹಾಕಿ ನೋಡಬಹುದು.

ನಿಕೊಲಾಸ್ ವಿಟ್ಸೆನ್ 1671ರಲ್ಲಿ ಹಡಗು ಕಟ್ಟುವ ಕಲೆಯ ಬಗ್ಗೆ ಒಂದು ದಪ್ಪ ಪುಸ್ತಕ ಬರೆದ. ಅದರಲ್ಲಿ ಅವನು ಎಳೆಎಳೆಯಾಗಿ ವಿವರಿಸುವ ಹಡಗಿನ ಉದ್ದ 134 ಅಡಿ. ಆಮ್‌ಸ್ಟರ್‌ಡ್ಯಾಮಿನ ಅಡಿಯಲ್ಲಿ ಅದು 37.9 ಮೀಟರ್, 1:50ರ ಮಾದರಿಯಲ್ಲಿ 75.8 ಸೆಂ.ಮೀ. ನಮ್ಮ ಅಂಗಡಿಯ ಟೇಪಿನ ಅಡಿ ಹಿಡಿದರೆ 81.7 ಸೆಂ.ಮೀ. ನಡುವಿನ ಆರು ಸೆಂಟಿಮೀಟರಿನ ಬೆಲೆ ಎಷ್ಟೆಂದು, ಗಾಜಿನ ಪೆಟ್ಟಿಗೆಯನ್ನು ಮೊದಲೇ ಮಾಡಿಸಿಟ್ಟವರನ್ನು ಕೇಳಬೇಕು.

ಹೊಸಬರು ಹೆಚ್ಚಾಗಿ ಕೈಹಾಕುವುದು ಅಷ್ಟು ದೊಡ್ಡ ಹಡಗಿಗಲ್ಲ, ಡೈಫ್‌ಕೆನ್‌ಗೆ. ಪುಟ್ಟ ಹಡಗು, ತಾಸುಗಟ್ಟಲೆ ಫಿರಂಗಿ ಅಂಟಿಸುವ ಶಿಕ್ಷೆಯಿಲ್ಲ, ಹಾಯಿ ಆರೇ. ಚರಿತ್ರೆ ಮಾತ್ರ ದೊಡ್ಡದು. 1605ರ ನವೆಂಬರ್ 18ರಂದು ಜಾವಾದ ಬಾಂಟಮ್ ಬಂದರಿನಿಂದ ಡಚ್ ಕಪ್ತಾನ ವಿಲಂ ಯಾನ್ಸ್‌ಜೋನ್ ಇದನ್ನು ಪೂರ್ವಕ್ಕೆ ನಡೆಸಿದ. 1606ರ ಮೊದಲ ತಿಂಗಳುಗಳಲ್ಲಿ ಆಸ್ಟ್ರೇಲಿಯಾದ ಕೇಪ್ ಯಾರ್ಕ್‌ನ ಪಡುಗಡಲಂಚಿನಲ್ಲಿ, ಈಗಿನ ಪೆನ್ನೆಫಾದರ್ ನದಿಯ ಬಳಿ ದಡ ಹತ್ತಿದ. ಯುರೋಪಿನವರು ಆಸ್ಟ್ರೇಲಿಯಾವನ್ನು ಮುಟ್ಟಿದ್ದಕ್ಕೆ ಸಿಗುವ ಮೊದಲ ದಾಖಲೆ ಇದು. ಆದರೆ ಅವನು ಅದನ್ನು ನ್ಯೂಗಿನಿಯ ಮುಂದುವರಿದ ಭಾಗವೆಂದೇ ತಿಳಿದು, ನಡುವಿನ ಜಲಸಂಧಿಯನ್ನು ಗುರುತಿಸದೆ ಹಿಂತಿರುಗಿದ. ಅದೇ ವರ್ಷ ಸ್ಪೇನಿನವರ ಪರವಾಗಿ ಟೊರೆಸ್ ಎಂಬ ನಾವಿಕ ಆ ಜಲಸಂಧಿಯ ಮೂಲಕವೇ ಹಾದುಹೋದ. ಒಂದು ಇಡೀ ಖಂಡವನ್ನು ಕಂಡೂ ಕಾಣದಂತಾದವನ ಹಡಗನ್ನು ಕಟ್ಟುವವರು, ಕಿಟ್‌ನಲ್ಲಿ, ಅಂದರೆ ಅಂಗಡಿಯಿಂದ ತಂದ ಬಿಡಿಭಾಗಗಳ ಪೆಟ್ಟಿಗೆಯಲ್ಲಿ, ಒಂದು ರಾಟೆ ಕಾಣಿಸದಿದ್ದರೆ ಅಷ್ಟು ಗಾಬರಿಯಾಗಬೇಕಿಲ್ಲ.

ಕಿಟ್‌ನ ಜೊತೆ ಬರುವ ನಕ್ಷೆಯನ್ನು ನೋಡಿದರೆ, ಆ ಹಡಗನ್ನು ಕಟ್ಟಿದವರೇ ಬರೆದುಕೊಟ್ಟಷ್ಟು ಧೈರ್ಯ ಅದರ ಗೆರೆಗಳಿಗೆ. ನಿಜ ಸಂಗತಿ ಎಂದರೆ ಡೈಫ್‌ಕೆನ್‌ನ ನಕ್ಷೆ ಎಂಬುದು ಎಂದೂ ಇರಲೇ ಇಲ್ಲ. ಆಗಿನ ಡಚ್ ಬಡಗಿಗಳು ಕಾಗದದ ಗೊಡವೆಗೆ ಹೋಗುತ್ತಿರಲಿಲ್ಲ. ಹಡಗಿನ ತಳದ ಬೆನ್ನುಮರ, ಮುಂದಿನ ಮೂತಿಮರ, ಹಿಂದಿನ ಮರ ಇಷ್ಟನ್ನು ನಿಲ್ಲಿಸಿ, ತಳದ ಹಲಗೆಗಳನ್ನು ಅಂಚಿಗೆ ಅಂಚು ಸೇರಿಸುತ್ತ ಬರುತ್ತಿದ್ದರು. ಸಂದಿನ ಮೇಲೆ ಅಡ್ಡಲಾಗಿ ತಾತ್ಕಾಲಿಕ ಪಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸುವುದು, ಆಕಾರ ಬಂದ ಮೇಲೆ ಒಳಗೆ ಪಕ್ಕೆಲುಬುಗಳನ್ನು ಕೂರಿಸುವುದು, ಪಟ್ಟಿ ಕಿತ್ತು ಮೊಳೆಯ ತೂತಿಗೆ ಮರದ ಬೆಣೆ ಬಡಿಯುವುದು. ಮುಳುಗಿದ ಡಚ್ ಹಡಗುಗಳ ಹಲಗೆಗಳಲ್ಲಿ ಈ ಪುಟ್ಟ ಬೆಣೆಗಳ ಸಾಲು ಕಂಡಾಗಲೇ ಆ ಕ್ರಮ ಸಂಶೋಧಕರಿಗೆ ಖಚಿತವಾದದ್ದು. ನಮ್ಮ ಕಿಟ್‌ನಲ್ಲಿ ಎಲ್ಲ ತಿರುಗುಮುರುಗು: ಪ್ಲೈವುಡ್‌ನ ಅಡ್ಡಗೋಡೆಗಳು ಮೊದಲು, ಹಲಗೆ ಆಮೇಲೆ. ಅದು ತಪ್ಪಲ್ಲ. ಹಲಗೆಯಿಂದ ಶುರುಮಾಡುವ ಬಡಗಿಗೆ ಏಳು ತಲೆಮಾರಿನ ಅಭ್ಯಾಸ ಬೇಕು, ನಮಗಿರುವುದು ಭಾನುವಾರದ ಮಧ್ಯಾಹ್ನ.

ನಕ್ಷೆಯಿಲ್ಲದಿದ್ದರೂ ಲೆಕ್ಕವಿತ್ತು. ಎಲ್ಲ ಅಳತೆಯೂ ಉದ್ದದಿಂದ ಹುಟ್ಟಬೇಕು. ವಿಟ್ಸೆನ್ ಕೊಡುವ ಸೂತ್ರಗಳಲ್ಲಿ ಬಹಳ ಉಪಯೋಗಕ್ಕೆ ಬರುವುದು ಇದು: ಉದ್ದದ ಪ್ರತಿ 10 ಅಡಿಗೆ ಮೂತಿಮರದ ದಪ್ಪ 1 ಇಂಚು. ಡೈಫ್‌ಕೆನ್‌ನ ಮೈಯುದ್ದವನ್ನು ಸುಮಾರು 20 ಮೀಟರ್ ಎಂದಿಟ್ಟುಕೊಂಡರೆ 70 ಅಡಿ ಚಿಲ್ಲರೆ, ಅಂದರೆ 7 ಇಂಚು, 18 ಸೆಂ.ಮೀ.; 1:50ರಲ್ಲಿ 3.6 ಮಿ.ಮೀ. ಕಿಟ್‌ನ ಪ್ಲೈವುಡ್ 5 ಮಿ.ಮೀ. ಇದ್ದರೆ ಮೂತಿಯ ಮುಂದಂಚನ್ನು ಉಜ್ಜಿ ತೆಳುಮಾಡಬೇಕು ಎಂಬುದಕ್ಕೆ ಈಗ ಆಧಾರ ಸಿಕ್ಕಿತು. ಉದ್ದ ಎಂದರೆ ಇಲ್ಲಿ ಮೂತಿಮರದಿಂದ ಹಿಂದಿನ ಮರದವರೆಗೆ ಮಾತ್ರ. ಮುಂದೆ ಕೊಕ್ಕಿನಂತೆ ಚಾಚಿದ ಅಟ್ಟ, ಓರೆಯಾಗಿ ನಿಂತ ಮುಂಗಂಬ ಇವನ್ನೂ ಸೇರಿಸಿ ಅಳೆದರೆ ಹಡಗು ದಿಢೀರನೆ ದಪ್ಪಗಾಗುತ್ತದೆ. ಇನ್ನೊಂದು ಎಚ್ಚರ: ವಿಟ್ಸೆನ್ ಬರೆದದ್ದು 1671ರಲ್ಲಿ, ಹಡಗು ಕಟ್ಟುವುದರ ಬಗ್ಗೆಯೇ ಬರೆದ ಇನ್ನೊಬ್ಬ ಡಚ್ಚ ವಾನ್ ಐಕ್ ಬರೆದದ್ದು 1697ರಲ್ಲಿ. ಡೈಫ್‌ಕೆನ್ ಅಷ್ಟರಲ್ಲಿ ಇಲ್ಲವಾಗಿ ಅರುವತ್ತು ವರ್ಷಕ್ಕೂ ಮೇಲಾಗಿತ್ತು. ಸೂತ್ರವನ್ನು ತೆಗೆದುಕೊಳ್ಳಬಹುದು, ಅವರ ಚಿತ್ರದಲ್ಲಿರುವ ಅಲಂಕಾರವನ್ನು ತಂದು ಅಂಟಿಸಬಾರದು.

ಹೆಸರು ಹುಡುಕಲು ಕೂತಾಗ ಅಸಲು ತಮಾಷೆ ಶುರು. ಆ ಕಾಲದ ಡಚ್ಚರಿಗೆ ಮನೆತನದ ಹೆಸರಿಗಿಂತ ಅಪ್ಪನ ಹೆಸರು ಸಾಕಾಗಿತ್ತು; ಯಾನ್ಸ್‌ಜೋನ್ ಎಂದರೆ ಯಾನ್‌ನ ಮಗ, ಅಷ್ಟೆ. ಯಾನ್ ಎಂಬ ಅಪ್ಪಂದಿರಿಗೆ ಬರವಿರಲಿಲ್ಲ, ಮಗನಿಗೆ ವಿಲಂ ಎಂದಿಡುವ ಉತ್ಸಾಹಕ್ಕೂ ಬರವಿರಲಿಲ್ಲ. ಹೀಗಾಗಿ ‘ವಿಲಂ ಯಾನ್ಸ್‌ಜೋನ್’ ಎಂದು ಹುಡುಕಿದವರಿಗೆ ಅದೇ ಕಾಲದ ಆಮ್‌ಸ್ಟರ್‌ಡ್ಯಾಮಿನ ಒಬ್ಬ ಭೂಪಟದ ವ್ಯಾಪಾರಿ ಸಿಗುತ್ತಾನೆ. ಅವನು ಮುಂದೆ ಬ್ಲಾವ್ ಎಂದು ಪ್ರಸಿದ್ಧನಾದವನು, ಅದಕ್ಕೂ ಮೊದಲು ಯಾನ್ಸ್‌ಜೋನ್ ಎಂದೇ ಸಹಿ ಹಾಕುತ್ತಿದ್ದ. ಅವನ ಗಡ್ಡದ ಚಿತ್ರವನ್ನು ತಂದು ‘ಡೈಫ್‌ಕೆನ್‌ನ ಕಪ್ತಾನ’ ಎಂದು ಮಾದರಿಯ ಪಕ್ಕ ನಿಲ್ಲಿಸುವವರಿದ್ದಾರೆ. ಹಡಗುಗಳ ಹೆಸರೂ ಅಷ್ಟೆ. ಏಂದ್ರಾಖ್ಟ್ ಎಂಬ ಹಡಗಿನಲ್ಲಿ 1616ರಲ್ಲಿ ಡರ್ಕ್ ಹಾರ್ಟಾಗ್ ಆಸ್ಟ್ರೇಲಿಯಾದ ಪಶ್ಚಿಮಕ್ಕೆ ಬಂದ. ಅದೇ ವರ್ಷ ಅದೇ ಹೆಸರಿನ ಇನ್ನೊಂದು ಹಡಗು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿತು. 1665ರಲ್ಲಿ ಮತ್ತೊಂದು ಏಂದ್ರಾಖ್ಟ್ ಇಂಗ್ಲಿಷರೊಡನೆ ಕಾದಾಡುತ್ತ ಸಿಡಿದುಹೋಯಿತು. ಮೂರನ್ನೂ ಒಂದೇ ಎಂದು ಓದಿದರೆ ಬಹಳ ಗಟ್ಟಿ ಮರದ ಹಡಗು ಎನಿಸುತ್ತದೆ. ಕೇಪ್ ಹಾರ್ನ್ ಸುತ್ತಿದ ವಿಲಂ ಸ್ಕೌಟನ್ 1601ರಲ್ಲಿ ಡೈಫ್‌ಕೆನ್‌ನ ಕಪ್ತಾನನಾಗಿದ್ದವನೇ, ಇದು ಮಾತ್ರ ಗೊಂದಲವಲ್ಲ. 1595ರಲ್ಲಿ ಡಚ್ಚರ ಮೊಟ್ಟಮೊದಲ ಪೂರ್ವಯಾತ್ರೆಗೆ ಹೊರಟ ನಾಲ್ಕು ಹಡಗುಗಳಲ್ಲಿ ಚಿಕ್ಕದರ ಹೆಸರೂ ಡೈಫ್‌ಕೆನ್. ಹೆಸರು ಒಂದಾದರೆ ಹಡಗೂ ಒಂದೇ ಎಂದು ಹಿಡಿದು ‘1595’ ಎಂದು ಫಲಕ ಕೆತ್ತಿಸಬಾರದು.

ನಮ್ಮ ಕರಾವಳಿಯವರು ಜಾರುವ ಜಾಗ ಇನ್ನೊಂದಿದೆ. 1603ರ ಡಿಸೆಂಬರಿನಲ್ಲಿ ಸ್ಟೀವನ್ ವಾನ್ ಡರ್ ಹಾಗೆನ್‌ನ ಹಡಗುಗಳ ದಂಡಿನ ಜೊತೆ ಡೈಫ್‌ಕೆನ್ ಹೊರಟಿತು. ಆ ದಂಡು 1604ರಲ್ಲಿ ಗೋವೆಯ ಮುಂದೆ ನಿಂತು, ನವೆಂಬರಿನಲ್ಲಿ ಕಲ್ಲಿಕೋಟೆಯ ಸಾಮೂತಿರಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಗೋವೆಯಿಂದ ಕಲ್ಲಿಕೋಟೆಗೆ ಹೋಗಬೇಕಾದರೆ ಕಾರವಾರ, ಹೊನ್ನಾವರ, ಮಂಗಳೂರು ದಾಟಲೇಬೇಕು. ‘ಹಾಗಾದರೆ ನಮ್ಮೂರಿನವರು ಡೈಫ್‌ಕೆನ್ ನೋಡಿದ್ದರು’ ಎಂದು ಹಿಗ್ಗುವ ಮೊದಲು ಒಂದು ಮಾತು: ದಂಡಿನ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪ್ರತಿ ಹಡಗೂ ಪ್ರತಿ ಬಂದರಿಗೆ ಬಂತೆಂದು ಅರ್ಥವಲ್ಲ. ಚಿಕ್ಕ, ಚುರುಕಿನ ಹಡಗುಗಳನ್ನು ಇಟ್ಟುಕೊಳ್ಳುತ್ತಿದ್ದುದೇ ಬೇರೆ ಕಡೆಗೆ ಅಟ್ಟುವುದಕ್ಕೆ.

ತಾರೀಖಿನ ಕಥೆಯನ್ನು ಬೇಗ ಮುಗಿಸೋಣ. ಹಾಲೆಂಡ್ ಪ್ರಾಂತ 1583ರ ಹೊತ್ತಿಗೆ ಈಗ ನಾವು ಬಳಸುವ ಹೊಸ (ಗ್ರೆಗೋರಿಯನ್) ಪಂಚಾಂಗಕ್ಕೆ ಬಂದಿತ್ತು, ಇಂಗ್ಲಿಷರು ಹತ್ತು ದಿನ ಹಿಂದಿರುವ ಹಳೆಯದರಲ್ಲೇ ಉಳಿದಿದ್ದರು. 1609ರಲ್ಲಿ ಇಂಗ್ಲಿಷ್ ನಾವಿಕ ಹೆನ್ರಿ ಹಡ್ಸನ್ ಡಚ್ ಹಡಗು ಹಾಲ್ವ ಮಾನ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಬಿಟ್ಟದ್ದು ಅವನ ಜೊತೆಗಿದ್ದ ಜೂಯೆಟ್‌ನ ದಿನಚರಿಯ ಪ್ರಕಾರ ಮಾರ್ಚ್ 25, ಬಂದರಿನವರ ಪ್ರಕಾರ ಏಪ್ರಿಲ್ 4. ಇಬ್ಬರೂ ಸರಿ. ಹತ್ತು ದಿನದ ವ್ಯತ್ಯಾಸ ಕಂಡಾಗಲೆಲ್ಲ ಮೊದಲು ಪಂಚಾಂಗವನ್ನು ಅನುಮಾನಿಸಿ, ಆಮೇಲೆ ಲೇಖಕನನ್ನು.

ಚಿತ್ರಕ್ಕಾಗಿ ನಂಬಬಹುದಾದ ಆಸರೆ ಗೆಲ್ಡರ್‌ಲ್ಯಾಂಡ್ ಹಡಗಿನ ದಿನಚರಿ. 1601ರಿಂದ 1603ರವರೆಗಿನ ಆ ಪಯಣದಲ್ಲಿ ಐದು ಹಡಗುಗಳಿದ್ದವು, ಡೈಫ್‌ಕೆನ್ ಅದರಲ್ಲೊಂದು. ದಿನಚರಿಯಲ್ಲಿ ಬಿಡಿಸಿದ ರೇಖಾಚಿತ್ರಗಳಲ್ಲಿ ಅದು ಕಾಣಿಸುತ್ತದೆ. ಕಣ್ಣಾರೆ ಕಂಡವರು ಬರೆದದ್ದು, ಆದರೆ ಅಳತೆಗೋಲು ಹಿಡಿದು ಬರೆದದ್ದಲ್ಲ. ಕಂಬಗಳ ಜಾಗ, ಹಾಯಿಗಳ ಸಂಖ್ಯೆ, ಹಿಂಭಾಗದ ಎತ್ತರ ಇಷ್ಟಕ್ಕೆ ನಂಬಬಹುದು. 1606ರ ಯಾನದ ಮೂಲ ನಕಾಶೆಯೇ ಉಳಿದಿಲ್ಲ. 1670ರ ಸುಮಾರಿಗೆ ಮಾಡಿದ ನಕಲೊಂದು ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಹೆಚ್ಚು ಜನ ಹೋಗುವ ಸುಲಭದ ದಾರಿ ಎಂದರೆ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ಕಟ್ಟಿ 1999ರ ಜನವರಿಯಲ್ಲಿ ನೀರಿಗಿಳಿಸಿದ ಪ್ರತಿರೂಪ ಹಡಗಿನ ಫೋಟೋ. ಬಹಳ ಶ್ರದ್ಧೆಯ ಕೆಲಸ ಅದು: ಲಾಟ್ವಿಯಾದಿಂದ ತರಿಸಿದ ಓಕ್ ಮರ, ಹಳೆಯ ಕ್ರಮದಂತೆ ಹಲಗೆ ಮೊದಲು, ಬೆಂಕಿಯ ಮೇಲೆ ಕಾಯಿಸಿ ಬಗ್ಗಿಸಿದ ಹಲಗೆ. ಆದರೆ ಈ ಕಾಲದ ಸಮುದ್ರದಲ್ಲಿ ಓಡಾಡುವ ಹಡಗಿಗೆ ಈ ಕಾಲದ ಕಾನೂನೂ ಉಂಟು. ಅದರಲ್ಲಿ ಎಂಜಿನ್ ಇದೆ, ದೀಪಗಳಿವೆ, ಜೀವರಕ್ಷಕ ಸಲಕರಣೆಗಳಿವೆ. ಫೋಟೋ ಹಿಗ್ಗಿಸಿ ನೋಡಿ ಕಂಡದ್ದನ್ನೆಲ್ಲ ಕೆತ್ತುವ ನಿಷ್ಠಾವಂತರು 1606ರ ಹಡಗಿಗೆ ತಿರುಗುವ ಪಂಖ ಕೂರಿಸಿದ್ದೂ ಉಂಟು.

ಪಂಖ ಬಿಡಿ, ಕಾಲ ತಪ್ಪಿ ಹಡಗು ಹತ್ತುವ ಪ್ರಯಾಣಿಕರು ಇನ್ನೂ ಇದ್ದಾರೆ. ಸಿನಿಮಾದಲ್ಲಿ ಕಾಣುವ ಗುಂಡನೆಯ ಚುಕ್ಕಾಣಿ ಚಕ್ರ ಬಂದದ್ದು 1700ರ ಆಚೆಗೆ. ಡೈಫ್‌ಕೆನ್ ಕಾಲಕ್ಕೆ ಅಟ್ಟದ ತೂತಿನಿಂದ ಇಳಿದ ನೆಟ್ಟನೆಯ ಕೋಲೊಂದನ್ನು ಅತ್ತಿತ್ತ ವಾಲಿಸುತ್ತಿದ್ದರು. ತಳಕ್ಕೆ ಹೊಳೆಯುವ ತಾಮ್ರದ ತಗಡು ಹೊದಿಸಿದರೆ ಒಂದೂವರೆ ಶತಮಾನ ಮುಂದೆ ಹೋದಂತೆ. ಮುಂದೆ ತ್ರಿಕೋನದ ಜಿಬ್ ಹಾಯಿ ಬೇಡ; ಮುಂಗಂಬದ ಕೆಳಗೆ ತೂಗುವ ಚೌಕದ ಹಾಯಿ ಸಾಕು. ಕಂಬದ ಹಗ್ಗ ಬಿಗಿಯುವ ಮೂರು ತೂತಿನ ಬಿಲ್ಲೆಗಳು ಆಗ ಪೂರ್ತಿ ಗುಂಡಗಿರಲಿಲ್ಲ, ತ್ರಿಕೋನಕ್ಕೆ ಹತ್ತಿರವಿದ್ದವು. ಕಿಟ್‌ನಲ್ಲಿ ಗುಂಡನೆಯವು ಬಂದರೆ ಅರ ಹಿಡಿದು ಒಂದು ತುದಿಯನ್ನು ತಿದ್ದಿ. ಅರ್ಧ ಡಜನ್ ಹೆಚ್ಚಿಗೆ ಇಟ್ಟುಕೊಳ್ಳಿ, ಚಿಮಟದಿಂದ ಹಾರಿದ್ದು ಕಪಾಟಿನ ಅಡಿಗೆ ಹೋಗಿಯೇ ಹೋಗುತ್ತದೆ. ಬಾವುಟದಲ್ಲಿ ಮೇಲಿನ ಪಟ್ಟಿ ಕಿತ್ತಳೆ. ಕೆಂಪು ಅದರ ಜಾಗವನ್ನು ಪೂರ್ತಿ ಹಿಡಿದದ್ದು ಶತಮಾನದ ನಡುವಿಗೆ. ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1602ರ ಮಾರ್ಚ್‌ನಲ್ಲಿ, ಆದ್ದರಿಂದ ‘1601’ ಎಂದು ಬರೆದ ಮಾದರಿಯ ಮೇಲೆ ಕಂಪನಿಯ ಮುದ್ರೆ ಹಾಕುವುದು ಹುಟ್ಟುವ ಮೊದಲೇ ನಾಮಕರಣ.

ಹಗ್ಗದಲ್ಲಿ ಆಗುವಷ್ಟು ಅನಾಹುತ ಬೇರೆಲ್ಲೂ ಆಗುವುದಿಲ್ಲ. ಹಳೆಯ ಪುಸ್ತಕಗಳು ಹಗ್ಗವನ್ನು ಅಳೆಯುವುದು ಸುತ್ತಳತೆಯಲ್ಲಿ, ನಾವು ಓದುವುದು ವ್ಯಾಸವೆಂದು. 5 ಇಂಚಿನ ಹಗ್ಗ ಎಂದರೆ ಸುತ್ತ 12.9 ಸೆಂ.ಮೀ.; 3.14ರಿಂದ ಭಾಗಿಸಿದರೆ ದಪ್ಪ 4.1 ಸೆಂ.ಮೀ.; 1:50ರಲ್ಲಿ 0.8 ಮಿ.ಮೀ. ಭಾಗಿಸಲು ಮರೆತರೆ 2.6 ಮಿ.ಮೀ. ಆಗ ಪುಟ್ಟ ಹಡಗಿನ ಕಂಬಕ್ಕೆ ತೇರೆಳೆಯುವ ಮಿಣಿ ಬಿಗಿದಂತಾಗುತ್ತದೆ, ಕಂಬವೂ ಬಗ್ಗುತ್ತದೆ. ದಾರಕ್ಕೆ ಮೊದಲು ಜೇನುಮೇಣ ಸವರಿ, ಎದ್ದ ನಾರು ಮಲಗುತ್ತದೆ. ನಿಂತ ಹಗ್ಗಗಳಿಗೆ ಕಪ್ಪಿಗೆ ಹತ್ತಿರದ ಕಂದು, ಎಳೆದಾಡುವ ಹಗ್ಗಗಳಿಗೆ ಮಾಸಲು ಹಳದಿ. ಕಂಬ ಹತ್ತಲು ಕಟ್ಟುವ ಅಡ್ಡ ಮೆಟ್ಟಿಲುಗಳ ನಡುವೆ 8 ಮಿ.ಮೀ. ಸಾಕು, ನಿಜದಲ್ಲಿ ಅದು 40 ಸೆಂ.ಮೀ. ಅನುಮಾನ ಬಂದಾಗ 33 ಮಿ.ಮೀ. ಎತ್ತರದ ರಟ್ಟಿನ ನಾವಿಕನೊಬ್ಬನನ್ನು ಕತ್ತರಿಸಿ ಅಟ್ಟದ ಮೇಲೆ ಓಡಾಡಿಸಿ. ಬಾಗಿಲಿಗೆ ತಲೆ ಬಡಿದರೆ ತೊಂದರೆಯಿಲ್ಲ, ಆ ಕಾಲದಲ್ಲೂ ಬಡಿಯುತ್ತಿತ್ತು. ಕಟಕಟೆ ಅವನ ಕುತ್ತಿಗೆವರೆಗೆ ಬಂದರೆ ಲೆಕ್ಕ ತಪ್ಪಿದೆ.

ಡಚ್ ಹಡಗಿನ ಮೂತಿ ದುಂಡು, ಹಲಗೆಗೆ ಅಲ್ಲಿ ತಿರುವು ಕಡಿದು. 5 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಪಟ್ಟಿಯನ್ನು ಬಿಸಿನೀರಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ನೆನೆಸಿ, ಜಾಗಕ್ಕೆ ಬಗ್ಗಿಸಿ, ಕ್ಲಿಪ್ಪು ಹಾಕಿ, ರಾತ್ರಿಯೆಲ್ಲ ಒಣಗಲು ಬಿಡಬೇಕು. ಅಂಟಿಸುವುದು ಮರುದಿನ. ಒದ್ದೆಯಲ್ಲೇ ಅಂಟಿಸಿದ ಹಲಗೆ ಒಣಗುತ್ತ ಕುಗ್ಗಿ, ಸಂದಿನಿಂದ ಆಚೆ ಮನೆ ಕಾಣುತ್ತದೆ. ಎಡಕ್ಕೊಂದು ಬಲಕ್ಕೊಂದು ಕೂರಿಸುತ್ತ ಹೋಗಿ. ಉತ್ಸಾಹದಿಂದ ಒಂದೇ ಬದಿ ಮುಗಿಸಿದವರ ಹಡಗಿನ ಬೆನ್ನು ಬಾಳೆಕಾಯಿಗೆ ಹತ್ತಿರವಾಗುತ್ತದೆ. ತುದಿಯಲ್ಲಿ ಪಟ್ಟಿಯನ್ನು ಅರ್ಧ ಅಗಲಕ್ಕಿಂತ ಕಿರಿದು ಮಾಡಬೇಡಿ, ಮೊಳೆ ಹಿಡಿಯದೆ ಸೀಳುತ್ತದೆ. ಸೂಪರ್ ಗ್ಲೂ ಬೇಗ ಹಿಡಿಯುತ್ತದೆ ನಿಜ, ಆದರೆ ತೇವದ ದಿನ ಮರದ ಮೇಲೆ ಬಿಳಿ ಬೂದಿ ಬಿಡುತ್ತದೆ. ಹಲಗೆಗಿಂತ ಮೊದಲು ತೋರುಬೆರಳು ಹೆಬ್ಬೆರಳನ್ನು ಹಿಡಿಯುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳಷ್ಟೂ ಹಡಗಿಗೆ ಹೋದ ಮನೆಯಲ್ಲಿ ಮಹಡಿಯ ಮೇಲಿನ ಪಂಚೆಗಳು ಯಾವ ದಿಕ್ಕಿಗೆ ಯಾನ ಹೊರಟವೆಂದು ಹುಡುಕುವುದು ಬೇರೆಯದೇ ಸಂಶೋಧನೆ.

ನೀರಿನ ಗೆರೆಯ ಕೆಳಗೆ ಬಣ್ಣ ಮಾಸಲು ಬಿಳಿ. ರಾಳ, ಕೊಬ್ಬು, ಗಂಧಕ ಕಾಯಿಸಿ ಬಳಿಯುತ್ತಿದ್ದರು, ಮರ ಕೊರೆಯುವ ಹುಳುವಿಗೆ ಹೆದರಿ. ಮೇಲೆ ಪೈನ್ ಮರದ ಟಾರಿನ ಕಂದು. ಹಾಯಿಗೆ ಸುಣ್ಣದ ಬಿಳಿ ಬೇಡ, ತೆಳು ಹತ್ತಿಬಟ್ಟೆಯನ್ನು ಚಹಾದಲ್ಲಿ ಅದ್ದಿ, ಸಕ್ಕರೆ ಹಾಕದ ಚಹಾ. ಇರುವೆಗಳಿಗೆ ಚರಿತ್ರೆಯಲ್ಲಿ ಆಸಕ್ತಿಯಿಲ್ಲ, ಹಾಯಿಯಲ್ಲಿ ಇದೆ. ಹೊಲಿಗೆಯನ್ನು ಯಂತ್ರದಲ್ಲಿ ಹಾಕಬೇಡಿ, 1 ಮಿ.ಮೀ. ಹೊಲಿಗೆ ನಿಜದ ಲೆಕ್ಕದಲ್ಲಿ 5 ಸೆಂ.ಮೀ. ಆಗುತ್ತದೆ. 13 ಮಿ.ಮೀ.ಗೊಂದರಂತೆ ಪೆನ್ಸಿಲಿನ ಗೆರೆ ಎಳೆದರೆ ಸಾಕು.

ಕೊನೆಗೆ ಹಿತ್ತಾಳೆ ಫಲಕ. ‘ಡೈಫ್‌ಕೆನ್, 1606, ಊಹಿತ ಪುನರ್‌ರಚನೆ, 1:50’ ಎಂದು ಕೆತ್ತಿಸಿದರೆ ಯಾರೂ ಜಗಳಕ್ಕೆ ಬರಲಾರರು. ‘ಯಥಾಪ್ರತಿ’ ಎಂದು ಕೆತ್ತಿಸಿದರೆ, ಕಿತ್ತಳೆ ಪಟ್ಟಿಯನ್ನು ಬೆರಳಲ್ಲಿ ತೋರಿಸಿ ‘ಇದು ಭಾರತದ ಬಾವುಟ ಅಲ್ವಾ, ಕೆಳಗೆ ಹಸಿರು ಮರೆತಿದ್ದೀರಿ’ ಎನ್ನುವ ನೆಂಟರಿಗೆ ಉತ್ತರ ಹೇಳುವ ಜವಾಬ್ದಾರಿಯೂ ನಿಮ್ಮದೇ.