ಮಾವನವರ ಎಣ್ಣೆ, ಅಳಿಯನ ಚೈನು

ಇದನ್ನು ಬರೆಯುತ್ತಿರುವಾಗಲೂ ನನ್ನ ಬಲಗೈಯ ಐದು ಉಗುರುಗಳ ಸಂದಿಯಲ್ಲಿ ಕಪ್ಪು ಹಾಗೆಯೇ ಕುಳಿತಿದೆ. ಸೋಪು ಆಯಿತು, ಪಾತ್ರೆ ತೊಳೆಯುವ ಪುಡಿ ಆಯಿತು, ಸೀಮೆಎಣ್ಣೆ ಹಾಕಿ ಉಜ್ಜೋಣವೆಂದರೆ ಅದು ಈಗ ಯಾರ ಮನೆಯಲ್ಲೂ ಇಲ್ಲ. ಬೆಳಿಗ್ಗೆ ಇಡ್ಲಿಗೆ ಕೈ ಹಾಕಿದಾಗ ಹೆಂಡತಿ ಒಂದು ಚಮಚ ತಂದು ತಟ್ಟೆಯ ಪಕ್ಕದಲ್ಲಿಟ್ಟಳು. ಏನೂ ಮಾತನಾಡಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷಗಳಲ್ಲಿ ಇಡ್ಲಿಗೆ ಚಮಚದ ಮರ್ಯಾದೆ ಸಿಕ್ಕಿದ್ದು ಇದೇ ಮೊದಲು.

ನಿನ್ನೆ ನನ್ನ ಸೈಕಲ್ಲಿನ ಚೈನು ಕಡಿಯಿತು. ಬಿತ್ತು ಎಂದು ಓದಿಕೊಳ್ಳಬೇಡಿ. ಬೀಳುವುದು ಬೇರೆ, ಕಡಿಯುವುದು ಬೇರೆ. ಬಾಡಿಗೆ ಸೈಕಲ್ ತಂದು ಒಳಪೆಡಲು ಹೊಡೆದು ಕಲಿತವರಿಗೆಲ್ಲ ಬೀಳುವ ಚೈನು ಗೊತ್ತು. ಬೇಲಿಯಿಂದ ಒಂದು ಕಡ್ಡಿ ಮುರಿದು, ಚೈನನ್ನು ಹಲ್ಲಿನ ಮೇಲೆ ಕೂರಿಸಿ, ಪೆಡಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ಬಿದ್ದ ಚೈನಿಗೆ ಕಡ್ಡಿ ಸಾಕು. ಕಡಿದ ಚೈನಿಗೆ ಕಾಲ್ನಡಿಗೆಯೇ ಗತಿ.

ಬೆಳಿಗ್ಗೆ ಆರೂಕಾಲರ ಸಮಯ, ಕುಕ್ಕರಹಳ್ಳಿ ಕೆರೆಯ ಹತ್ತಿರದ ಏರು. ರಕ್ತದಲ್ಲಿ ಸಕ್ಕರೆ ಕಂಡ ವೈದ್ಯರು ಸೈಕಲ್ ಹೊಡೆಯಿರಿ ಎಂದಿದ್ದರಿಂದ ಎರಡು ವರ್ಷದ ಹಿಂದೆ 21 ಗೇರಿನ ಸೈಕಲ್ ಕೊಂಡಿದ್ದೆ. ಅದರಲ್ಲಿ ನಾನು ಬಳಸುವುದು ಎರಡೇ ಗೇರು. ಉಳಿದ ಹತ್ತೊಂಬತ್ತನ್ನು ನೆಂಟರು ಬಂದಾಗ ತೆಗೆಯುವ ಪಿಂಗಾಣಿ ಬಟ್ಟಲುಗಳಂತೆ ಜೋಪಾನವಾಗಿ ಇಟ್ಟಿದ್ದೇನೆ. ಏರಿನ ನಡುವೆ ಕಾಲು ಸೋತಿತು. ಸೀಟು ಬಿಟ್ಟು ಎದ್ದು ನಿಂತು, ಮೈಯ ಎಂಬತ್ತೆರಡು ಕಿಲೋವನ್ನೂ ಪೆಡಲಿನ ಮೇಲೆ ಹೇರಿ, ಅದೇ ಗಳಿಗೆಯಲ್ಲಿ ಗೇರು ಬದಲಿಸಿದೆ. ಟಕ್ ಎಂದಿತು. ಬಲಗಾಲು ಪಾತಾಳಕ್ಕೆ ಹೋಯಿತು, ಎದೆ ಹ್ಯಾಂಡಲ್ಲಿಗೆ ಬಡಿಯಿತು. ಹೇಗೋ ಬೀಳದೆ ನಿಂತೆ. ಚೈನು ಮಾತ್ರ ಜೊತೆಗೆ ಬಂದಿರಲಿಲ್ಲ.

"ಹಾವು!" ಎಂಬ ಕೂಗು ಕೇಳಿಸಿದ್ದು ಆಗ. ಹಿಂದೆ ವಾಕಿಂಗ್ ಬರುತ್ತಿದ್ದ ಹೆಂಗಸರ ಗುಂಪು ಬಂದ ವೇಗದ ಎರಡರಷ್ಟು ವೇಗದಲ್ಲಿ ಹಿಂದಕ್ಕೆ ಓಡುತ್ತಿತ್ತು. ಮಬ್ಬು ಬೆಳಕಿನಲ್ಲಿ, ರಸ್ತೆಯ ನಟ್ಟನಡುವೆ, ಕಪ್ಪಗೆ, ಎಣ್ಣೆಯ ಹೊಳಪಿನಿಂದ, ಎರಡು ಸುರುಳಿ ಸುತ್ತಿಕೊಂಡು ನನ್ನ ಚೈನು ಮಲಗಿತ್ತು. ಹಗ್ಗವನ್ನು ಹಾವೆಂದು ಭ್ರಮಿಸುವ ಉದಾಹರಣೆಯನ್ನು ವೇದಾಂತಿಗಳು ಸಾವಿರ ವರ್ಷದಿಂದ ಕೊಡುತ್ತಿದ್ದಾರೆ. ಅವರ ಕಾಲದಲ್ಲಿ ಸೈಕಲ್ ಇದ್ದಿದ್ದರೆ ಹಗ್ಗವನ್ನು ಎಂದೋ ಬಿಟ್ಟುಬಿಡುತ್ತಿದ್ದರು. ಮಂಕಿಟೋಪಿ ತೊಟ್ಟ ಹಿರಿಯರೊಬ್ಬರು ಧೈರ್ಯವಾಗಿ ಮುಂದೆ ಬಂದು, ನಾಯಿಗೆಂದು ತಂದಿದ್ದ ಕೋಲಿನಿಂದ ಅದರ ತಲೆಯ ಭಾಗವನ್ನು ಮೆಲ್ಲನೆ ತಟ್ಟಿದರು. ಅದು ಕಿಣಿಕಿಣಿ ಎಂದಿತು. ಹಿರಿಯರು ಎರಡು ಹೆಜ್ಜೆ ಹಿಂದೆ ಸರಿದರು.

"ಸಾರ್, ಅದು ನನ್ನದು" ಎಂದೆ.

"ಸಾಕಿದ್ದೀರಾ?" ಎಂದು ಓಡಿದವರ ಗುಂಪಿನಿಂದ ಒಬ್ಬರು ಕೇಳಿದರು.

ಹಾವನ್ನು ಎತ್ತಿ ಹ್ಯಾಂಡಲ್ಲಿಗೆ ಮಾಲೆಯಂತೆ ಹಾಕಿಕೊಂಡು ಸೈಕಲ್ ತಳ್ಳುತ್ತ ಹೊರಟೆ. ಮನೆ ತಲುಪುವವರೆಗೆ ಹದಿನಾಲ್ಕು ಜನ "ಚೈನು ಹೋಯಿತೇ?" ಎಂದು ವಿಚಾರಿಸಿದರು. ಎಣಿಸಿದ್ದೇನೆ. ಹದಿಮೂರು ಜನರಿಗೆ ಹೌದು ಎಂದೆ. ಹದಿನಾಲ್ಕನೆಯವರಿಗೆ, "ಇಲ್ಲ, ಇದಕ್ಕೂ ಸಕ್ಕರೆ ಬಂದಿದೆ, ನಡೆಸಿಕೊಂಡು ಹೋಗುತ್ತಿದ್ದೇನೆ" ಎಂದೆ. ಅವರು ನಕ್ಕರೆ ಸಮಾಧಾನವಾಗುತ್ತಿತ್ತು. "ಮೆಂತ್ಯ ನೆನೆಸಿ ತಿನ್ನಿ" ಎಂದು ಹೇಳಿ ಹೋದರು.

ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಆರೋಪಿ ಒಬ್ಬರೇ ಇದ್ದರು. ನಮ್ಮ ಮಾವನವರು.

ಅವರ ಹತ್ತಿರ ಒಂದು ಎಣ್ಣೆ ಕುಪ್ಪಿ ಇದೆ. ತಗಡಿನದು, ಕೊಕ್ಕರೆಯಂತೆ ಉದ್ದ ಮೂತಿ, ತಳವನ್ನು ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಟಿಕ್ ಎನ್ನುತ್ತದೆ. ನಿವೃತ್ತರಾಗಿ ನಮ್ಮೊಡನೆ ಬಂದು ಇರತೊಡಗಿದಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಈ ಟಿಕ್ ಟಿಕ್ ನಮ್ಮ ಮನೆಯ ಸುಪ್ರಭಾತ. ಮೊದಲು ಗೇಟು, ಆಮೇಲೆ ಬಾಗಿಲ ಕೀಲುಗಳು, ಆಮೇಲೆ ಹೊಲಿಗೆ ಯಂತ್ರ, ಕೊನೆಗೆ ಅಭಿಷೇಕಕ್ಕೆ ನನ್ನ ಸೈಕಲ್. ಒಂದು ತೊಟ್ಟು ಎರಡು ತೊಟ್ಟು ಎಂಬ ಜಿಪುಣತನ ಅವರಲ್ಲಿಲ್ಲ. ಚೈನಿನಿಂದ ಇಳಿದು ನೆಲದ ಮೇಲೆ ರಂಗೋಲಿ ಬಿಡಿಸಬೇಕು, ಅಷ್ಟು. ಒಮ್ಮೆ ಭಕ್ತಿ ಹೆಚ್ಚಾಗಿ ಬ್ರೇಕ್ ಹಿಡಿಯುವ ರಿಮ್ಮಿಗೂ ಹಾಕಿದ್ದರು. ಅಂದು ನಾನು ಹಾಲಿನ ಬೂತಿನ ಮುಂದೆ ನಿಲ್ಲಬೇಕಿದ್ದವನು ಅದರಾಚೆಯ ದಿನಸಿ ಅಂಗಡಿಯ ಮುಂದೆ ನಿಂತೆ.

ಯಂತ್ರದ ಎಣ್ಣೆ ಮುಗಿದ ವಾರ ಕುಪ್ಪಿಗೆ ಕೊಬ್ಬರಿ ಎಣ್ಣೆ ಬೀಳುತ್ತದೆ. "ಎಣ್ಣೆ ಎಂದರೆ ಎಣ್ಣೆಯೇ ಅಳಿಯಂದಿರೇ, ಜಾರಿದರೆ ಸಾಕಲ್ಲವೇ" ಎನ್ನುತ್ತಾರೆ. ಬೇಸಿಗೆಯಲ್ಲಿ ಜಾರುತ್ತದೆ, ಒಪ್ಪೋಣ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮೈಸೂರಿನ ಡಿಸೆಂಬರಿನ ಬೆಳಗು ಅದಕ್ಕಿಂತ ಬಹಳ ಕೆಳಗೆ. ಚೈನು ಬೆಳ್ಳಗೆ ಬೆಣ್ಣೆ ಸವರಿಕೊಂಡು, ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿಸಿಕೊಂಡ ಶಾಲೆಯ ಹುಡುಗಿಯಂತೆ ಘಮ್ಮೆನ್ನುತ್ತ ನನ್ನನ್ನು ಕಾಯುತ್ತಿರುತ್ತದೆ. ಇದನ್ನು ಮಾವನವರಿಗೆ ಹೇಳುವುದು ಹೇಗೆ? ಅವರು ನನ್ನನ್ನು 'ನೀವು' ಎನ್ನುತ್ತಾರೆ, ನಾನು ಅವರನ್ನು 'ತಾವು' ಎನ್ನುತ್ತೇನೆ. ನಮ್ಮಿಬ್ಬರ ನಡುವೆ ಅಷ್ಟು ಮರ್ಯಾದೆ ಇದೆ, ಜಗಳಕ್ಕೆ ಜಾಗವೇ ಇಲ್ಲ.

ಸೈಕಲ್ ಅಂಗಡಿಯ ಹುಡುಗ ಚೈನನ್ನು ಕೈಗೆ ತೆಗೆದುಕೊಂಡವನೇ ಮೂಗಿನ ಹತ್ತಿರ ಹಿಡಿದು, "ಸಾರ್, ಒಗ್ಗರಣೆ ಹಾಕಿದ್ದೀರಾ?" ಎಂದ. ನಾನು ತಾರಸಿಯ ಕಡೆ ನೋಡಿದೆ. ಎಣ್ಣೆ ಬೇಕಾದ್ದು ಚೈನಿನ ಹೊರಮೈಗಲ್ಲ, ಒಳಗಿನ ಪಿನ್ನಿಗೆ ಎಂದು ವಿವರಿಸಿದ. ಕೊಂಡಿಗೊಂದು ಹನಿ, ಪೆಡಲನ್ನು ಹಿಂದಕ್ಕೆ ಹತ್ತಾರು ಸುತ್ತು, ಸ್ವಲ್ಪ ಹೊತ್ತು ಬಿಟ್ಟು ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿಬಿಡಬೇಕು. ಒರೆಸದೆ ಬಿಟ್ಟರೆ ರಸ್ತೆಯ ದೂಳೆಲ್ಲ ಅಂಟಿಕೊಂಡು ಚಟ್ನಿಯಾಗಿ ಪಿನ್ನುಗಳನ್ನು ಅರೆಯುತ್ತದೆ. ಚೈನು ಹಿಗ್ಗುವುದು ಎಂದರೆ ಇದೇ, ಕಬ್ಬಿಣವೇನೂ ರಬ್ಬರಿನಂತೆ ಎಳೆದುಕೊಳ್ಳುವುದಿಲ್ಲ. ಉಕ್ಕಿನ ಸ್ಕೇಲ್ ಇಟ್ಟು ತೋರಿಸಿದ. ಸೈಕಲ್ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಮಾವನವರ ಕಾಲದ ಕಪ್ಪು ಸೈಕಲ್ಲಿಗೂ ಅಷ್ಟೇ, ನನ್ನದಕ್ಕೂ ಅಷ್ಟೇ. ಹಾಗಾಗಿ ಹೊಸದರಲ್ಲಿ ಇಪ್ಪತ್ನಾಲ್ಕು ಕೊಂಡಿ ಎಂದರೆ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗವಾದರೆ ಹಿಂದಿನ ಚಕ್ರದ ಹಲ್ಲುಗಳನ್ನೂ ತಿಂದುಹಾಕಿರುತ್ತದೆ, ಆ ಹಲ್ಲುಗಳಿರುವ ಫ್ರೀವೀಲನ್ನೂ ಬದಲಿಸಬೇಕಾಗುತ್ತದೆ. ನನ್ನದು ಆ ಎಂಟನೆಯದನ್ನು ದಾಟಿತ್ತು. ಮಗಳ ಜಾಮಿಟ್ರಿ ಬಾಕ್ಸಿನ ಪಕ್ಕದಲ್ಲೇ ಒಂದು ಅಡಿಯ ಸ್ಕೇಲ್ ಎರಡು ವರ್ಷದಿಂದ ಬಿದ್ದುಕೊಂಡಿದೆ.

"ನೋಡಿದೆಯಾ, ಎಲ್ಲಾ ಎಣ್ಣೆಯಿಂದಲೇ" ಎಂದು ನಾನು ತೀರ್ಪು ಕೊಡುವಷ್ಟರಲ್ಲಿ ಹುಡುಗ ತುಂಡಾದ ತುದಿಯನ್ನು ಬೆಳಕಿಗೆ ಹಿಡಿದ. "ಸವೆದದ್ದು ಎಣ್ಣೆಯಿಂದ. ಕಡಿದದ್ದು ಇಲ್ಲಿ. ಯಾರು ಸಾರ್ ಇಲ್ಲಿಗೆ ಸುತ್ತಿಗೆಯಲ್ಲಿ ಹೊಡೆದವರು?"

ನೆನಪಾಯಿತು. ಹೋದ ವರ್ಷ ಚೈನು ಸಿಕ್ಕಿಹಾಕಿಕೊಂಡಾಗ ರಸ್ತೆಬದಿಯ ಪಂಕ್ಚರ್ ಅಂಗಡಿಯಲ್ಲಿ ಒಂದು ಪಿನ್ನನ್ನು ಹೊಡೆದು ತೆಗೆಸಿ, ಅದನ್ನೇ ಮತ್ತೆ ಹೊಡೆದು ಕೂರಿಸಿಕೊಂಡಿದ್ದೆ. ಇಪ್ಪತ್ತು ರೂಪಾಯಿ. ಉಳಿತಾಯ ಮಾಡಿದ ಹೆಮ್ಮೆಯಿಂದ ಮನೆಯಲ್ಲಿ ಹೇಳಿಕೊಂಡೂ ಇದ್ದೆ. ಒಂದೇ ಗೇರಿನ ಅಗಲ ಚೈನು ಸುತ್ತಿಗೆಯನ್ನು ಸಹಿಸಿಕೊಂಡೀತು. ಗೇರಿನ ತೆಳು ಚೈನಿನಲ್ಲಿ ಒಮ್ಮೆ ಹೊರಬಂದ ಪಿನ್ನಿಗೆ ಮತ್ತೆ ಅದೇ ಬಿಗಿತ ಬರುವುದಿಲ್ಲ. ಅಲ್ಲಿಗೆ ಹೊಸ ಪಿನ್ನನ್ನೋ, ಸುತ್ತಿಗೆಯಿಲ್ಲದೆ ಕೂಡಿಸುವ ಕ್ವಿಕ್ ಲಿಂಕ್ ಎಂಬ ಕೊಂಡಿಯನ್ನೋ ಹಾಕಬೇಕಂತೆ. ಆ ಸಡಿಲ ಪಿನ್ನು ವರ್ಷವೆಲ್ಲ ಕಾದು, ಏರಿನಲ್ಲಿ ನಾನು ಎದ್ದು ನಿಂತು ಗೇರು ತಿರುವಿದ ಗಳಿಗೆಗೆ ಕೊಂಡಿಯ ಪಟ್ಟಿಯಿಂದ ಜಾರಿಕೊಂಡಿತ್ತು. "ಗೇರನ್ನು ಏರಿಗೆ ಮುಂಚೆ ಬದಲಿಸಬೇಕು ಸಾರ್, ಕಾಲನ್ನು ಸ್ವಲ್ಪ ಹಗುರ ಮಾಡಿ. ಮಧ್ಯದಲ್ಲಿ ಒದ್ದುಕೊಂಡು ಅಲ್ಲ" ಎಂದ. ನನ್ನ ಅರ್ಧ ವಯಸ್ಸಿನವನು. ಚೈನು, ಫ್ರೀವೀಲು, ಕೂಲಿ, ಮೇಲೆ ಜೇಬಿನಲ್ಲಿರಲಿ ಎಂದು ಒಂದು ಕ್ವಿಕ್ ಲಿಂಕು, ಎಲ್ಲಕ್ಕೂ ಕೊಟ್ಟ ಹಣದಲ್ಲಿ ಅಂಥ ಎಷ್ಟು ಇಪ್ಪತ್ತು ರೂಪಾಯಿಗಳಿದ್ದವು ಎಂದು ಹೆಂಡತಿಗೆ ಇನ್ನೂ ಹೇಳಿಲ್ಲ.

ಮನೆಗೆ ಬಂದಾಗ ಮಾವನವರು ಜಗುಲಿಯಲ್ಲಿ ಕುಳಿತಿದ್ದರು. ಹೊಸ ಚೈನನ್ನು ಬಹಳ ಹೊತ್ತು ನೋಡಿ, "ಇದಕ್ಕೆ ಕವರ್ ಇಲ್ಲವೇ?" ಎಂದರು. ಅವರ ಸೈಕಲ್ಲಿಗೆ ಪೂರ್ತಿ ಮುಚ್ಚಿದ ಚೈನ್ ಕವರ್ ಇತ್ತಂತೆ. ಅದರ ಒಂದು ಸಣ್ಣ ಮುಚ್ಚಳ ಸರಿಸಿ ಎಣ್ಣೆ ಬಿಟ್ಟರೆ ಮುಗಿಯಿತು, ದೂಳಿಗೆ ದಾರಿಯೇ ಇರಲಿಲ್ಲ. ಮೂವತ್ತೊಂದು ವರ್ಷ ಕಚೇರಿಗೆ ಅದರಲ್ಲೇ ಹೋಗಿಬಂದರು. ಮುಂದಿನ ಕಂಬಿಗೆ ಟವೆಲ್ ಸುತ್ತಿ ಮಗಳನ್ನು ಕೂರಿಸಿಕೊಂಡು ಶಾಲೆಗೆ ಬಿಟ್ಟರು. ಊರಿನ ಮನೆ ಖಾಲಿ ಮಾಡಿದ ದಿನ ಗುಜರಿಯವನು ಅದನ್ನು ತೂಕಕ್ಕೆ ಹಾಕಿಕೊಂಡ. ತಕ್ಕಡಿಗೆ ಹಾಕದೆ ಉಳಿಸಿಕೊಂಡು ಬಂದದ್ದು ಈ ಕುಪ್ಪಿಯೊಂದನ್ನೇ. ಇದನ್ನು ಅವರು ಹೇಳಲಿಲ್ಲ, ಒಳಗಿನಿಂದ ಹೆಂಡತಿ ಹೇಳಿದಳು. ನಾನು ದಾರಿಯಲ್ಲಿ ಸಿದ್ಧಪಡಿಸಿಕೊಂಡು ಬಂದಿದ್ದ ಭಾಷಣ ಗಂಟಲಲ್ಲೇ ಉಳಿಯಿತು.

ಇಂದು ಭಾನುವಾರ. ಆರು ಗಂಟೆಗೆ ಟಿಕ್ ಟಿಕ್ ಕೇಳಿಸಿತು. ಗೇಟು, ಬಾಗಿಲು, ಹೊಲಿಗೆ ಯಂತ್ರ, ಸೈಕಲ್. ಅವರು ಸ್ನಾನಕ್ಕೆ ಹೋದದ್ದನ್ನು ಖಚಿತಪಡಿಸಿಕೊಂಡು, ಹಳೆಯ ಬನಿಯನ್ ಹಿಡಿದು ಕಳ್ಳನಂತೆ ಸೈಕಲ್ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಒಂದೊಂದೇ ಕೊಂಡಿಯನ್ನು ಒರೆಸಿದೆ. ಅರ್ಧ ಗಂಟೆ ಹಿಡಿಯಿತು. ಉಗುರಿನ ಕಪ್ಪಿಗೆ ಇನ್ನೊಂದು ಪದರ ಸೇರಿತು. ಚೈನು ಕನ್ನಡಿಯಂತೆ ಹೊಳೆಯುತ್ತಿತ್ತು. ತಲೆ ಎತ್ತಿದರೆ, ಟವೆಲ್ ಹೊದ್ದ ಮಾವನವರು ಬಾಗಿಲಲ್ಲಿ ನಿಂತಿದ್ದಾರೆ.

"ಅಯ್ಯೋ, ಒಣಗಿಹೋಗಿದೆಯಲ್ಲ ಅಳಿಯಂದಿರೇ, ಬೆಳಿಗ್ಗೆಯಷ್ಟೇ ಹಾಕಿದ್ದೆ" ಎಂದವರೇ ಕುಪ್ಪಿ ತರಲು ಒಳಗೆ ಹೋದರು.