ಪಟ್ಟಿಯಲ್ಲಿ ರ‍್ಯಾಮ್ ಇಲ್ಲ ಅಂದ್ರೆ ಕಳ್ಳತನ ಆಯ್ತು ಅಂತಲ್ಲ ಸ್ವಾಮಿ

ಮಾರ್ಚ್ ಬಂತೆಂದರೆ ಆಫೀಸುಗಳಲ್ಲಿ ಆಡಿಟ್ ಗಡಿಬಿಡಿ. ಕಂಪ್ಯೂಟರ್‌ಗಳ ಲೆಕ್ಕ ಇಡುವ ಇನ್ವೆಂಟರಿ ಸಾಫ್ಟ್‌ವೇರ್‌ನಿಂದ ಎಕ್ಸೆಲ್ ಶೀಟ್ ಇಳಿಸಿಕೊಳ್ಳುತ್ತಾರೆ. ಯಾವುದೋ ಸಿಸ್ಟಮ್‌ನ ರ‍್ಯಾಮ್ ಕಾಲಂ ಖಾಲಿ ಕಂಡರೆ ಸಾಕು, "ಯಾರ್ರೀ ಬಿಚ್ಕೊಂಡು ಹೋದ್ರು?" ಅಂತ ಶುರು. ಮೊದಲ ಅನುಮಾನ ಹೌಸ್‌ಕೀಪಿಂಗ್‌ನವರ ಮೇಲೆ, ಆಮೇಲೆ ಕಾಂಟ್ರಾಕ್ಟ್ ಹುಡುಗರ ಮೇಲೆ. ಮ್ಯಾನೇಜರ್ ಮೇಲೆ ಬಂದಿದ್ದನ್ನು ನಾನಂತೂ ನೋಡಿಲ್ಲ.

ಆ ಖಾಲಿ ಕಾಲಂ ಹೇಳುವುದಿಷ್ಟೇ: ಸಾಫ್ಟ್‌ವೇರ್ ಕೇಳಿತು, ಉತ್ತರ ಬರಲಿಲ್ಲ.

ಪ್ರತಿ ಸಿಸ್ಟಮ್‌ನಲ್ಲೂ ತನ್ನದೊಂದು ಸಣ್ಣ ಪ್ರೋಗ್ರಾಂ (ಏಜೆಂಟ್) ಹಾಕದೆ ಸ್ಕ್ಯಾನ್ ಮಾಡುವ ಸಾಫ್ಟ್‌ವೇರ್‌ಗಳು ವಿಂಡೋಸ್ ಸಿಸ್ಟಮ್‌ಗಳನ್ನು ಮಾತಾಡಿಸುವುದು ಹೆಚ್ಚಾಗಿ ಡಬ್ಲ್ಯುಎಂಐ ಮೂಲಕ, ಅಂದರೆ ಕೇಳಿದರೆ ಸಿಸ್ಟಮ್‌ನ ವಿವರ ಹೇಳುವ ವಿಂಡೋಸ್‌ನದೇ ವ್ಯವಸ್ಥೆ. ಆ ಪ್ರಶ್ನೆ ಮೊದಲು ನೆಟ್‌ವರ್ಕ್‌ನ ನಂಬರ್ ಹಾಕಿದ ಬಾಗಿಲುಗಳಲ್ಲಿ ಒಂದಾದ 135ನೇ ಪೋರ್ಟ್‌ಗೆ ಹೋಗುತ್ತದೆ. ಮುಂದಿನ ಮಾತುಕತೆ ಸಾಮಾನ್ಯವಾಗಿ 49152ರಿಂದ 65535ರ ನಡುವಿನ ಬೇರೊಂದು ಪೋರ್ಟ್‌ನಲ್ಲಿ. ಫೈರ್‌ವಾಲ್‌ನಲ್ಲಿ 135 ಒಂದನ್ನೇ ತೆರೆದು "ಆಯ್ತು ಸರ್" ಅನ್ನುವವರು ಬೇಕಾದಷ್ಟು ಜನ. ಆಗ ಬರುತ್ತದೆ ನೋಡಿ, "ಆರ್‌ಪಿಸಿ ಸರ್ವರ್ ಈಸ್ ಅನ್‌ಅವೈಲಬಲ್". ಪಿಂಗ್ ಹೋಗ್ತಿದೆಯಲ್ಲ ಅಂತ ವಾದ ಮಾಡಬೇಡಿ, ಸಿಸ್ಟಮ್ ನೆಟ್‌ವರ್ಕ್‌ನಲ್ಲಿ ಸಿಗುತ್ತದೆಯೇ ಅಂತಷ್ಟೇ ನೋಡುವ ಪಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ. "ಆಕ್ಸೆಸ್ ಡಿನೈಡ್" ಬಂದರೆ ಕಥೆ ಬೇರೆ. ಸಿಸ್ಟಮ್ ಸಿಕ್ಕಿದೆ, ಒಳಗೆ ಬಿಡುತ್ತಿಲ್ಲ. ಆಫೀಸಿನ ಲಾಗಿನ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಡೊಮೈನ್‌ಗೆ ಸೇರಿಸದ ಸಿಸ್ಟಮ್‌ನಲ್ಲಿ ಪಾಸ್‌ವರ್ಡ್ ಸರಿಯಿದ್ದರೂ, ನೆಟ್‌ವರ್ಕ್ ಮೂಲಕ ಹೊರಗಿನಿಂದ ಬಂದ ಲೋಕಲ್ ಅಡ್ಮಿನ್‌ನ ಅಧಿಕಾರವನ್ನು ವಿಂಡೋಸ್‌ನ ಯುಎಸಿ ಎಂಬ ಕಾವಲು ಮೊಟಕು ಮಾಡುತ್ತದೆ. ಸಾಲದ್ದಕ್ಕೆ 2023ರ ಮಾರ್ಚ್‌ನ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಡಬ್ಲ್ಯುಎಂಐ ದೂರದಿಂದ ಮಾತಾಡಲು ಬಳಸುವ ಡಿಕಾಮ್‌ನ ಬಿಗಿ ಭದ್ರತೆಯನ್ನು ಕಡ್ಡಾಯ ಮಾಡಿತು. ಅದಕ್ಕೆ ಹೊಂದಿಕೊಳ್ಳದ ಹಳೇ ಸಾಫ್ಟ್‌ವೇರ್‌ಗೆ ಬಾಯಿ ಬಂದ್.

ಇನ್ನೊಂದು ತಮಾಷೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಅಸೆಂಬಲ್ ಮಾಡಿಸಿ ತಂದ ಸಿಸ್ಟಮ್‌ಗಳಲ್ಲಿ ಎಷ್ಟೋ ಸಲ ಸೀರಿಯಲ್ ನಂಬರ್ ಇರಬೇಕಾದ ಜಾಗದಲ್ಲಿ "ಟು ಬಿ ಫಿಲ್ಡ್ ಬೈ ಓ.ಇ.ಎಂ." ಅಂತಿರುತ್ತದೆ. ತುಂಬಬೇಕಾದವರು ತುಂಬಿಲ್ಲ, ಅಷ್ಟೇ. ಸೀರಿಯಲ್ ನೋಡಿ ಗುರುತು ಹಿಡಿಯುವ ಸಾಫ್ಟ್‌ವೇರ್‌ಗೆ ಅವೆಲ್ಲ ಒಂದೇ ಯಂತ್ರ! ಇಡೀ ಸಾಲಿನ ಸಿಸ್ಟಮ್‌ಗಳು ಶೀಟಿನ ಒಂದೇ ರೋನಲ್ಲಿ ಕೂತು, ಉಳಿದವು "ಕಾಣೆ". ನೆಟ್‌ವರ್ಕ್ ಅಡಾಪ್ಟರ್‌ನ ಗುರುತಿನ ಸಂಖ್ಯೆಯಾದ ಮ್ಯಾಕ್ ಅಡ್ರೆಸ್ ನಂಬಿದರೂ ಇದೇ ಪಾಡು. ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರ್ ನಾಲ್ಕು ಲ್ಯಾಪ್‌ಟಾಪ್‌ಗಳ ಮಧ್ಯೆ ಓಡಾಡುತ್ತಿದ್ದರೆ ಆ ನಾಲ್ಕೂ ಒಂದೇ ಆಗಿಬಿಡುತ್ತವೆ.

ಇದ್ಯಾವುದನ್ನೂ ನೋಡದೆ ನೇರ ಡಬ್ಲ್ಯುಎಂಐ ರೆಪಾಸಿಟರಿಯನ್ನೇ (ಅದರ ಮಾಹಿತಿಯ ಉಗ್ರಾಣ) ರಿಸೆಟ್ ಮಾಡುವ ವೀರರಿದ್ದಾರೆ. ದಯವಿಟ್ಟು ಬೇಡ. ಮೊದಲು ವೆರಿಫೈ ಮಾಡಿ. ಕೆಟ್ಟಿದೆ ಅಂತ ಬಂದರೆ ಸಾಲ್ವೇಜ್ ಮಾಡಿ, ಅಂದರೆ ಉಳಿದದ್ದನ್ನು ಕಾಪಾಡಿಕೊಂಡು ರಿಪೇರಿ. ರಿಸೆಟ್ ಕಟ್ಟಕಡೆಗೆ, ಯಾಕೆಂದರೆ ಬೇರೆ ಪ್ರೋಗ್ರಾಂಗಳು ಅಲ್ಲಿ ಸೇರಿಸಿಟ್ಟದ್ದೂ ಹೋಗಬಹುದು.

ಆಡಿಟ್‌ಗೆ ಕೊಡುವ ಶೀಟ್‌ನಲ್ಲಿ ಇನ್ನೆರಡು ಕಾಲಂ ಇರಲೇಬೇಕು ಅನ್ನುವುದು ನನ್ನ ಹಟ: ಸಿಸ್ಟಮ್ ಕೊನೆಯ ಸಲ ಉತ್ತರ ಕೊಟ್ಟ ದಿನಾಂಕ, ಆಮೇಲೆ ಬಂದ ಎರರ್. ಖರ್ಚೇನೂ ಇಲ್ಲ. ಶೀಟ್ ಅಸಹ್ಯವಾಗಿ ಕಾಣುತ್ತೆ ಅಂತ ಅದನ್ನು ಅಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಷ್ಟಾದರೂ ಅನುಮಾನವಿದ್ದರೆ ಆ ಸೀಟಿಗೇ ಎದ್ದು ಹೋಗಿ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. ಎಷ್ಟು ರ‍್ಯಾಮ್, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಲ್ಲ ಅಲ್ಲೇ ಇರುತ್ತೆ. ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆದದ್ದಕ್ಕಿಂತ ಅಲ್ಲಿ ಕಡಿಮೆ ಕಂಡರೆ, ವಿಚಾರಣೆ ಧಾರಾಳವಾಗಿ ನಡೆಯಲಿ.